ಬಟ್ಟೆ ಬಂತು, ಹೊಲಿಯುವವರು ಯಾರು?

ಮುಂಗಾರಿನ ಮೊದಲ ಮಳೆಗೆ ಹೊಲ ಹದವಾಗುವ ಹೊತ್ತಿಗೆ ಹಾವೇರಿ ಜಿಲ್ಲೆಯ ಪೇಟೆಗಳಲ್ಲಿ ಎರಡು ಅಂಗಡಿಗಳ ಮುಂದೆ ಜನ ನಿಂತಿರುತ್ತಾರೆ. ಒಂದು ಬೀಜ-ಗೊಬ್ಬರದ ಅಂಗಡಿ, ಇನ್ನೊಂದು ದರ್ಜಿಯ ಅಂಗಡಿ. ಹಾನಗಲ್ಲಿಗೆ ಹೋಗಿ, ಶಿಗ್ಗಾವಿಗೆ ಹೋಗಿ, ಸವಣೂರಿಗೋ ಹಿರೇಕೆರೂರಿಗೋ ಹೋಗಿ, ಶಾಲೆ ಆರಂಭದ ದಿನಗಳಲ್ಲಿ ದರ್ಜಿಯ ಬಾಯಲ್ಲಿ ಬರುವ ಮಾತು ಒಂದೇ: 'ನಾಳೆ ಬರ್ರಿ'. ಆ ನಾಳೆ ಕೆಲವೊಮ್ಮೆ ಮೂರು ವಾರ ಎಳೆಯುತ್ತದೆ. ಅವರದೂ ತಪ್ಪಲ್ಲ. ವರ್ಷದ ಉಳಿದ ದಿನಗಳಲ್ಲಿ ಸಿದ್ಧ ಉಡುಪಿನ ಅಂಗಡಿಗಳು ಅವರ ಗಿರಾಕಿಗಳನ್ನು ಎಳೆದುಕೊಂಡಿವೆ. ಅವರಿಗೆ ಉಳಿದಿರುವುದು ಮದುವೆಯ ಕುಬಸ ಮತ್ತು ಶಾಲೆಯ ಸಮವಸ್ತ್ರ. ಈ ಎರಡೂ ಒಮ್ಮೆಲೇ ಬರುತ್ತವೆ.

ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಉಚಿತ. ಆದರೆ ಅನೇಕ ವೇಳೆ ಮಗುವಿನ ಕೈಗೆ ಬರುವುದು ಹೊಲಿದ ಉಡುಪಲ್ಲ, ಬರೀ ಬಟ್ಟೆ. ಹೊಲಿಸುವ ಕೂಲಿ ಪಾಲಕರದು. ಮೂರು ಮಕ್ಕಳಿರುವ ಕೂಲಿಕಾರರ ಮನೆಯಲ್ಲಿ ಈ ಖರ್ಚು ಬಿತ್ತನೆಯ ಖರ್ಚಿನ ಜೊತೆಗೇ ಬಂದು ನಿಲ್ಲುತ್ತದೆ. ಬಟ್ಟೆ ಟ್ರಂಕಿನಲ್ಲಿ ಉಳಿಯುತ್ತದೆ. ಮಗು ಬಣ್ಣದ ಅಂಗಿ ತೊಟ್ಟು ಪ್ರಾರ್ಥನೆಯ ಸಾಲಿನ ಕೊನೆಗೆ ನಿಲ್ಲುತ್ತದೆ. ಇದನ್ನು ಕಂಡವರಿಗೆ ಒಂದು ಪ್ರಶ್ನೆ ಬರದೆ ಇರದು. ಈ ಮನೆಗಳಲ್ಲಿ ಸೂಜಿ-ದಾರ ಇಲ್ಲವೆ? ಹೊಲಿಯುವ ಕೈ ಇಲ್ಲವೆ?

ಇದ್ದವು. ಈ ಭಾಗದ ಹಳ್ಳಿಗಳಲ್ಲಿ ಕೂಸಿಗೆ ಕುಲಾವಿ ಮತ್ತು ಕುಂಚಿಗೆ ಹೊಲಿದದ್ದು ಅಜ್ಜಿ. ಹಳೆಯ ಸೀರೆ, ಹರಿದ ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿದದ್ದೂ ಅವಳೇ. ಹಾನಗಲ್-ಶಿಗ್ಗಾವಿಗಳಿಗೆ ಹೊಂದಿಕೊಂಡಿರುವ ಮುಂಡಗೋಡ, ಅದರಾಚೆಯ ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವಂತೆ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೆ 'ಫೂಲ' ಎಂಬ ಮಡಚಿದ ತ್ರಿಕೋನ ಚೂರುಗಳನ್ನಿಡದೆ ಅವರ ಕೌದಿ ಮುಗಿಯುವುದಿಲ್ಲ. ಇಂದು ಆ ಕೌದಿಗಳು ದೂರದ ದೇಶಗಳ ಪ್ರದರ್ಶನಗಳಲ್ಲಿ ತೂಗಿವೆ. ಧಾರವಾಡ ಸೀಮೆಯ ಕಸೂತಿಯದು ಇನ್ನೊಂದು ಬೆರಗು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕೇ ಹೊಲಿಗೆ. ಮೊದಲೆರಡನ್ನು ಬಟ್ಟೆಯ ಎಳೆ ಎಣಿಸಿ, ಗಂಟು ಕಾಣದಂತೆ, ಎರಡೂ ಬದಿಗೆ ಒಂದೇ ರೂಪ ಬರುವಂತೆ ಹಾಕುತ್ತಾರೆ. ಎಳೆ ಎಣಿಸುವ ಈ ಹೆಂಗಸರಲ್ಲಿ ಎಷ್ಟೋ ಜನ ಶಾಲೆಯ ಮೆಟ್ಟಿಲು ಹತ್ತಿದವರಲ್ಲ.

ಹೊಲಿಗೆ ಈ ನಾಡಿಗೆ ಹೊಸತೂ ಅಲ್ಲ, ಕೀಳು ಕಸುಬೂ ಅಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ಕಾಯಕವೇ ಅವರ ಹೆಸರಾಯಿತು. ಪಂಢರಪುರದ ಭಕ್ತ ನಾಮದೇವರು ಸಿಂಪಿಗರು. ಮುಂದೆ ಸವಣೂರಿನ ನವಾಬರ ಕಾಲ ಬಂತು, ಕರಾವಳಿಗೆ ಪೋರ್ಚುಗೀಸರು ಬಂದರು. ದರ್ಜಿ, ಅಸ್ತರು, ಕಿಸೆ ಎಂಬ ಮಾತುಗಳು ಪಾರಸಿ-ಅರಬ್ಬಿ ಕಡೆಯವು. ಗುಂಡಿ ಹಾಕುವ ಕಾಜ ಮತ್ತು ಇಸ್ತ್ರಿ ಪೋರ್ಚುಗೀಸರ ಕಡೆಯವು. ಒಂದು ಅಂಗಿಯ ಮೇಲೆ ಇಷ್ಟೊಂದು ಭಾಷೆಗಳು ಕೂತಿವೆ ಎಂದರೆ ಮಕ್ಕಳು ನಂಬಲಿಕ್ಕಿಲ್ಲ.

ಇನ್ನು ಯಂತ್ರದ ಮಾತು. ಕೈಸೂಜಿಗೆ ಕಣ್ಣು ಹಿಂದಿರುತ್ತದೆ, ಮಷೀನಿನ ಸೂಜಿಗೆ ಕಣ್ಣು ಮೊನೆಯ ಹತ್ತಿರ. ಮೇಲ್ನೋಟಕ್ಕೆ ಸಣ್ಣ ವ್ಯತ್ಯಾಸ. ಆದರೆ ಹೊಲಿಗೆ ಯಂತ್ರ ನಿಂತಿರುವುದೇ ಅದರ ಮೇಲೆ. ಸೂಜಿ ಪೂರ್ತಿ ಬಟ್ಟೆಯಾಚೆ ಹೋಗಬೇಕಿಲ್ಲ. ಮೊನೆ ಇಳಿದು ತುಸು ಮೇಲೇಳುವಾಗ ದಾರ ಕೆಳಗೆ ಒಂದು ಕುಣಿಕೆಯಾಗುತ್ತದೆ. ಆ ಕುಣಿಕೆಯನ್ನು ಶಟಲ್ಲಿನ ಕೊಕ್ಕೆ ಹಿಡಿದು ಬಾಬಿನ್ನಿನ ದಾರದ ಸುತ್ತ ಹಾಯಿಸುತ್ತದೆ. ಎರಡು ದಾರಗಳು ಬಟ್ಟೆಯ ನಡುವೆ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಅಮೆರಿಕದ ಎಲಿಯಾಸ್ ಹೋವ್ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಐಸಾಕ್ ಸಿಂಗರ್ ತನ್ನ ಸುಧಾರಿಸಿದ ಯಂತ್ರಕ್ಕೆ ಪಡೆದದ್ದು 1851ರಲ್ಲಿ. ಅದಕ್ಕೂ ಮೊದಲು ಫ್ರಾನ್ಸಿನ ತಿಮೋನಿಯೆ ಎಂಬ ದರ್ಜಿ 1830ರಲ್ಲಿ ಸರಪಳಿ ಹೊಲಿಗೆಯ ಯಂತ್ರ ಮಾಡಿದ್ದ. ತಮ್ಮ ಅನ್ನ ಹೋದೀತೆಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ಮರುವರ್ಷ ಅವನ ಕಾರ್ಖಾನೆಗೆ ನುಗ್ಗಿ ಯಂತ್ರಗಳನ್ನು ಪುಡಿಮಾಡಿದರು. ಯಂತ್ರಗಳನ್ನು ಸುಲಭಕ್ಕೆ ಒಪ್ಪದ ಗಾಂಧೀಜಿ ಸಿಂಗರ್ ಮಷೀನಿಗೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಿಂದ ಹೊಲಿದು ದಣಿಯುವುದನ್ನು ನೋಡಲಾರದೆ ಸಿಂಗರ್ ಅದನ್ನು ಮಾಡಿದನೆಂಬುದು 1924ರಲ್ಲಿ ಅವರು ಕೊಟ್ಟ ಕಾರಣ.

ಕಾಲಿನಿಂದ ತುಳಿಯುವ ಮಷೀನು ಮನೆಯಲ್ಲಿದ್ದರೆ ಅದೊಂದು ಚಿಕ್ಕ ಪ್ರಯೋಗಾಲಯ. ಪಾದದ ಮೇಲೆ-ಕೆಳಗಿನ ಚಲನೆ ಕಂಬಿಯ ಮೂಲಕ ದೊಡ್ಡ ಗಾಲಿಯ ತಿರುಗಾಟವಾಗುತ್ತದೆ. ಚರ್ಮದ ಪಟ್ಟೆ ಅದನ್ನು ಮೇಲಿನ ಚಿಕ್ಕ ಗಾಲಿಗೆ ಒಯ್ಯುತ್ತದೆ. ದೊಡ್ಡ ಗಾಲಿಯ ವ್ಯಾಸ ಚಿಕ್ಕದರ ನಾಲ್ಕು ಪಟ್ಟಿದ್ದರೆ ಒಂದು ಸುತ್ತಿಗೆ ಚಿಕ್ಕದು ನಾಲ್ಕು ಸುತ್ತು, ಸೂಜಿ ನಾಲ್ಕು ಕುತ್ತು. ವಿದ್ಯಾರ್ಥಿಗಳು ಟೇಪು ಹಿಡಿದು ತಮ್ಮ ಮನೆಯ ಮಷೀನಿನ ಲೆಕ್ಕ ತೆಗೆಯಬಹುದು. ಬಟ್ಟೆಯ ಕೆಳಗಡೆ ದಾರ ಗುಂಗುರು ಗುಂಗುರಾಗಿ ನಿಂತರೆ ಹೊಸಬರು ಕೆಳಗಿನ ಬಾಬಿನ್ನನ್ನು ಬಯ್ಯುತ್ತಾರೆ. ಸಾಮಾನ್ಯವಾಗಿ ದೋಷ ಮೇಲಿನ ದಾರದ್ದು. ಅದು ಸಡಿಲಾಗಿದೆ, ಇಲ್ಲವೆ ಬಿಗಿಯ ತಟ್ಟೆಗಳ ನಡುವೆ ಕೂತಿಲ್ಲ.

ಆದರೆ ಮಷೀನಿನಿಂದ ಆರಂಭಿಸುವುದು ಬೇಡ. ಮೊದಲ ಪಾಠ ಕಿತ್ತುಹೋದ ಗುಂಡಿ. ಎರಡನೆಯದು ಬಿಚ್ಚಿದ ಮಡಿಕೆ. ಆಮೇಲೆ ದಿಂಬಿನ ಚೀಲ, ಪಾಟಿಚೀಲ. ಇಷ್ಟು ಕೈಯಿಂದ ಬಂದವರಿಗೆ ಮಷೀನು ಒಂದು ವಾರದಲ್ಲಿ ಒಲಿಯುತ್ತದೆ. ಮಷೀನಿನ ಮೇಲೆ ಮೊದಲೆರಡು ದಿನ ದಾರವಿಲ್ಲದೆ, ಗೆರೆ ಹಾಕಿದ ನೋಟುಬುಕ್ಕಿನ ಹಾಳೆಯನ್ನು ಸೂಜಿಯ ಕೆಳಗೆ ಓಡಿಸಬೇಕು. ತೂತುಗಳು ಗೆರೆಯ ಮೇಲೇ ಬಿದ್ದರೆ ಕೈ-ಕಾಲು ಕೂಡಿದವೆಂದು ಅರ್ಥ. ಹಾಳೆಗೆ ಸವೆದ ಹಳೆಯ ಸೂಜಿ ಸಾಕು. ಕಾಗದ ಸೂಜಿಯ ಮೊನೆಯನ್ನು ಮೊಂಡು ಮಾಡುತ್ತದೆ.

ಬಟ್ಟೆ ಕತ್ತರಿಸುವ ಮೊದಲು ಬಟ್ಟೆಯನ್ನು ತಿಳಿಯಬೇಕು. ಒಂದು ಚೌಕದ ಕರವಸ್ತ್ರ ಹಿಡಿದು ಉದ್ದಕ್ಕೆ ಎಳೆಯಿರಿ, ಹೆಚ್ಚು ಬಗ್ಗದು. ಅಡ್ಡಕ್ಕೆ ಎಳೆಯಿರಿ, ತುಸು ಕೊಡುತ್ತದೆ. ಮೂಲೆಯಿಂದ ಮೂಲೆಗೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಹಾಸು-ಹೊಕ್ಕಿನ ಎಳೆಗಳು ಕೂಡಿ ಮಾಡಿದ ಸಣ್ಣ ಸಣ್ಣ ಚೌಕಗಳು ಓರೆಯಾಗಿ ಎಳೆದಾಗ ವಜ್ರಾಕೃತಿ ತಾಳುವುದೇ ಇದಕ್ಕೆ ಕಾರಣ. ಆದ್ದರಿಂದ ಅಂಗಿಯ ಮೈಯನ್ನು ಅಂಚಿಗೆ ಸಮಾನಾಂತರವಾಗಿ, ಕೊರಳಿನ ದುಂಡಿಗೆ ಕೂಡಿಸುವ ಪಟ್ಟಿಯನ್ನು ಓರೆಯಾಗಿ ಕತ್ತರಿಸುತ್ತಾರೆ. ಹತ್ತಿಯ ಬಟ್ಟೆಯಾದರೆ ರಾತ್ರಿಯಿಡೀ ನೀರಲ್ಲಿ ನೆನೆಸಿ ನೆರಳಲ್ಲಿ ಒಣಗಿಸುವುದನ್ನು ಮರೆಯಬಾರದು. ಮಗ್ಗದ ಮೇಲೆ ಬಿಗಿಯಾಗಿ ಎಳೆದಿದ್ದ ನೂಲು ನೀರು ಕುಡಿದು ತನ್ನ ಸಹಜ ಸ್ಥಿತಿಗೆ ಮರಳುತ್ತದೆ. ಇದನ್ನೇ ನಾವು 'ಬಟ್ಟೆ ಒಡೆಯಿತು', 'ಕುಗ್ಗಿತು' ಎನ್ನುವುದು. ಹೊಲಿದ ಮೇಲೆ ಕುಗ್ಗಿದರೆ ಯಾರಿಗೆ ಹೇಳುವುದು?

ಮೊದಲ ಉಡುಪಿಗೆ ಪರಕಾರಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅದು ಒಂದು ಆಯತ. ಹುಡುಗಿಯ ಸೊಂಟ 24 ಅಂಗುಲವಾದರೆ ಅಗಲ ಅದರ ಎರಡು ಪಟ್ಟು, 48 ಅಂಗುಲ. ಜೊತೆಗೆ ಪಕ್ಕದ ಹೊಲಿಗೆಗೆ ಒಂದು ಅಂಗುಲ. ಉದ್ದ 26 ಬೇಕಿದ್ದರೆ ಮೇಲೆ ಲಾಡಿ ಪೋಣಿಸುವ ಮಡಿಕೆಗೆ ಒಂದೂವರೆ, ಕೆಳಗಿನ ಮಡಿಕೆಗೆ ಎರಡು. ಒಟ್ಟು 29 ಮತ್ತು ಅರ್ಧ. ಇಲ್ಲಿ ಹಳೆಯ ತಾಯಂದಿರ ಒಂದು ಜಾಣತನ ನೆನಪಿಡಬೇಕು. ಬೆಳೆಯುವ ಹುಡುಗಿಯ ಪರಕಾರಕ್ಕೆ ನಡುವೆ ಅಂಗುಲದಗಲದ ಎರಡು ಸುತ್ತುಮಡಿಕೆ ಹಾಕುತ್ತಿದ್ದರು. ಒಂದು ಮಡಿಕೆ ಎರಡು ಅಂಗುಲ ಬಟ್ಟೆ ನುಂಗುತ್ತದೆ. ಮರುವರ್ಷ ಒಂದನ್ನು ಬಿಚ್ಚಿದರೆ ಪರಕಾರ ಎರಡು ಅಂಗುಲ ಉದ್ದ, ಅದರ ಮುಂದಿನ ವರ್ಷ ಮತ್ತೆರಡು. ಸಿದ್ಧ ಉಡುಪಿನ ಕಾರ್ಖಾನೆಗೆ ಈ ಬುದ್ಧಿ ಬೇಕಾಗಿಲ್ಲ. ಮಗು ಬೆಳೆದಷ್ಟೂ ಅದಕ್ಕೆ ವ್ಯಾಪಾರ.

ಎಂಟನೆಯ, ಒಂಬತ್ತನೆಯ ಇಯತ್ತೆಯವರಿಗೆ ಅಂಬ್ರೆಲಾ ಲಂಗ ಒಳ್ಳೆಯ ಕೆಲಸ. ವೃತ್ತದ ಪರಿಧಿ 2πr ಎಂದು ಗಿಳಿಪಾಠ ಒಪ್ಪಿಸುವವರು ಇಲ್ಲಿ ಅದನ್ನು ಕತ್ತರಿಯಿಂದ ಬರೆಯಬೇಕು. ಸೊಂಟ 22 ಅಂಗುಲವಾದರೆ ತ್ರಿಜ್ಯ ಮೂರೂವರೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮೂಲೆಯಿಂದ ಮೂರೂವರೆ ಅಂಗುಲಕ್ಕೆ ಕಾಲು ವೃತ್ತ ಎಳೆದು ಕತ್ತರಿಸಿದರೆ ಆಯಿತಲ್ಲ? ಆಗಲಿಲ್ಲ. ಹೊಲಿಗೆ ಬೀಳುವುದು ಕತ್ತರಿಸಿದ ಅಂಚಿನಿಂದ ಅರ್ಧ ಅಂಗುಲ ಆಚೆ. ಅಲ್ಲಿ ತ್ರಿಜ್ಯ ನಾಲ್ಕು, ಪರಿಧಿ 25 ದಾಟುತ್ತದೆ. ಲಂಗ ಸೊಂಟದಲ್ಲಿ ನಿಲ್ಲದು. ಕತ್ತರಿ ಹಾಕಬೇಕಾದದ್ದು ಮೂರು ಅಂಗುಲಕ್ಕೆ. ಅರ್ಧ ಅಂಗುಲದ ಅಲಕ್ಷ್ಯ ಮೂರು ಅಂಗುಲದ ತಪ್ಪಾಗುವುದು ಹೇಗೆಂದು ಯಾವ ಪರೀಕ್ಷೆಯ ಪ್ರಶ್ನೆಯೂ ಇಷ್ಟು ಚೆನ್ನಾಗಿ ಕಲಿಸಲಾರದು. ದರ್ಜಿಗಳು ಸೊಂಟವನ್ನು ಆರರಿಂದ ಭಾಗಿಸಿ ತುಸು ಕಡಿಮೆ ಹಿಡಿಯುತ್ತಾರೆ. π ಅವರ ಬಾಯಲ್ಲಿಲ್ಲ, ಬೆರಳಲ್ಲಿದೆ.

ಸಮವಸ್ತ್ರದ ಅಂಗಿಗೆ ಉತ್ತಮ ಗುರು ಕಳೆದ ವರ್ಷದ ಅಂಗಿ. ಅದರ ಹೊಲಿಗೆಗಳನ್ನು ಬಿಚ್ಚಿ ಬೆನ್ನು, ಎದೆಯ ಎರಡು ಭಾಗ, ತೋಳು, ಕಾಲರು ಬೇರೆ ಮಾಡಿ, ಇಸ್ತ್ರಿ ಹೊಡೆದು ಕಾಗದದ ಮೇಲೆ ಗೆರೆ ಎಳೆಯಬೇಕು. ಈ ಪುರವಣಿಯ ಹಾಳೆಯೂ ನಡೆದೀತು. ಆದರೆ ಬಿಳಿ ಬಟ್ಟೆಗೆ ಬೇಡ, ಶಾಯಿ ಹತ್ತುತ್ತದೆ. ಎದೆಯ ಭಾಗದ ಕಂಕುಳಿನ ಕೊರೆತ ಬೆನ್ನಿನದಕ್ಕಿಂತ ಆಳವಾಗಿರುವುದನ್ನು ಗಮನಿಸಿ. ನಮ್ಮ ತೋಳುಗಳು ಮುಂದಕ್ಕೆ ಚಾಚುತ್ತವೆ, ಅದಕ್ಕೆ. ಮಗು ಬೆಳೆದಷ್ಟು ಅಳತೆ ಕೂಡಿಸಿ, ಹೊಲಿಗೆಯ ಅಂಚು ಬಿಟ್ಟು, ಮೊದಲು ಹಳೆಯ ಬೆಡ್‌ಶೀಟಿನ ಮೇಲೆ ಕತ್ತರಿಸಿ ನೋಡುವುದು ಕ್ಷೇಮ. ಕಾಲರು ಮೂರು ಸಲವಾದರೂ ಕೈಕೊಡುತ್ತದೆ. ಜಿಪ್ಪು, ಕಿಸೆಗಳಿರುವ ಪ್ಯಾಂಟನ್ನು ದರ್ಜಿಗೇ ಬಿಡುವುದು ಲೇಸು. ಮನೆಯಲ್ಲಿ ಎಲ್ಲವನ್ನೂ ಹೊಲಿಯಬೇಕೆಂಬ ಹಟದಲ್ಲಿ ಅರ್ಥವಿಲ್ಲ. ಅಂಗಿ, ಪರಕಾರಗಳ ಕೂಲಿ ಉಳಿದರೂ ಒಂದು ಮನೆಗೆ ಅದು ದೊಡ್ಡದೇ.

ಒಂದು ವಿಚಿತ್ರವನ್ನು ಹೇಳದಿರಲಾಗದು. ಪೇಟೆಯ ದರ್ಜಿ ಅಂಗಡಿಗಳಲ್ಲಿ ಮಷೀನಿನ ಮುಂದೆ ಕೂತವರಲ್ಲಿ ಗಂಡಸರೇ ಬಹಳ. ಅದೇ ಮಷೀನು ಮನೆಗೆ ಬಂದರೆ 'ಹುಡುಗಿಗೆ ಕಲಿಸ್ರಿ, ಮುಂದೆ ಉಪಯೋಗಕ್ಕ ಬರ್ತದ' ಎನ್ನುತ್ತಾರೆ. ಹುಡುಗನ ಮಾತೇ ಬರುವುದಿಲ್ಲ. ಹಾಸ್ಟೆಲ್ಲಿಗೆ ಹೋದ ಹುಡುಗ ಗುಂಡಿ ಕಿತ್ತ ಅಂಗಿಗೆ ಪಿನ್ನು ಚುಚ್ಚಿಕೊಂಡು ತಿರುಗುವುದು ಇದರ ಫಲ. ಇನ್ನೊಂದು ಎಚ್ಚರಿಕೆಯೂ ಬೇಕು: ಹೊಲಿಗೆ ಕಲಿತಳೆಂದು ಹುಡುಗಿಯನ್ನು ಹತ್ತನೆಯ ಇಯತ್ತೆಗೇ ಶಾಲೆ ಬಿಡಿಸುವುದಕ್ಕೆ ಅದು ನೆಪವಾಗಬಾರದು. ರಜೆಯ ದಿನ ಒಂದು ತಾಸು ಸಾಕು.

ಕಸುಬಾಗಿ ಮುಂದುವರಿಸುವವರಿಗೆ ದಾರಿಗಳಿವೆ. ಐಟಿಐಗಳ ಪಠ್ಯದಲ್ಲಿ ಹೊಲಿಗೆ ತಂತ್ರಜ್ಞಾನವೂ ಒಂದು ವಿಭಾಗ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯದೂ ಸೇರಿದೆ. ಕಸುಬಿನಲ್ಲಿ ಈಗಾಗಲೇ ಇರುವವರಿಗೆ ತರಬೇತಿಯ ಜೊತೆ ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಅಳತೆಯ ಶಿಸ್ತು ಎಂದರೇನೆಂದು ಮಕ್ಕಳಿಗೆ ತೋರಿಸಬೇಕೆಂದರೆ ಹುಬ್ಬಳ್ಳಿಯ ಬೆಂಗೇರಿಗೆ ಕರೆದೊಯ್ಯಬೇಕು. 1957ರಲ್ಲಿ ಸ್ಥಾಪನೆಯಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ಹೊಲಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಉದ್ದ-ಅಗಲ ಮೂರಕ್ಕೆ ಎರಡು, ಚಕ್ರದ ಗೆರೆ 24. ಮಾನದಂಡಕ್ಕೆ ಕೂಡದ ಧ್ವಜ ಹೊರಗೆ ಹೋಗುವಂತಿಲ್ಲ.

ಮನೆಯ ಮಷೀನಿಗೂ ಅದರದೇ ಆರೈಕೆ ಇದೆ. ಹಾನಗಲ್ಲಿನಂಥ ಅರೆಮಲೆನಾಡಿನ ಮಳೆಗಾಲದಲ್ಲಿ ಕಬ್ಬಿಣಕ್ಕೆ ಬೇಗ ತುಕ್ಕು ಹತ್ತುತ್ತದೆ. ಬಳಸದ ದಿನ ಮುಚ್ಚಿಡಬೇಕು, ಶಟಲ್ಲಿನ ಸುತ್ತ ಕೂತ ಅರಳೆಯ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬೇಕು. ಎಣ್ಣೆ ಮಷೀನಿನದೇ ಆಗಿರಲಿ. ಅಡಿಗೆಯ ಎಣ್ಣೆ ಹಾಕಿದರೆ ಅಂಟಾಗಿ ಗಾಲಿ ತಿರುಗದಾಗುತ್ತದೆ. ಎಣ್ಣೆ ಬಿಟ್ಟ ಮೇಲೆ ಮೊದಲು ಹರಕು ಬಟ್ಟೆಯ ಮೇಲೆ ನಾಲ್ಕು ಸಾಲು ಹೊಲಿಯಿರಿ. ಇಲ್ಲವಾದರೆ ಹೊಸ ಬಿಳಿ ಅಂಗಿಯ ಎದೆಯ ಮೇಲೆ ಎಣ್ಣೆಯ ಕಲೆ.