ದರ ಅಲುಗದಿದ್ದರೆ ಸಂಬಳ ಅಲುಗುತ್ತದೆ

1992ರ ಜೂನ್‌ನಲ್ಲಿ ಎಸ್ಟೋನಿಯಾ ರೂಬಲ್ ಕೈಬಿಟ್ಟು ತನ್ನದೇ ಕ್ರೂನ್ ನೋಟು ತಂದಿತು. ದರ ಆಗಲೇ ನಿಗದಿಯಾಗಿತ್ತು: ಎಂಟು ಕ್ರೂನ್‌ಗೆ ಒಂದು ಜರ್ಮನ್ ಮಾರ್ಕ್. ಚಲಾವಣೆಯಲ್ಲಿರುವಷ್ಟು ಕ್ರೂನ್‌ಗೆ ಸರಿಸಮನಾಗಿ ಚಿನ್ನವೋ ವಿದೇಶಿ ಹಣವೋ ಕೇಂದ್ರ ಬ್ಯಾಂಕಿನಲ್ಲಿ ಇರಲೇಬೇಕಿತ್ತು. ಎರಡನೇ ಮಹಾಯುದ್ಧಕ್ಕೆ ಮುಂಚೆ ಬ್ರಿಟನ್, ಸ್ವೀಡನ್‌ಗಳಲ್ಲಿ ಇರಿಸಿದ್ದ ಚಿನ್ನ ಮರಳಿ ಬಂದದ್ದು ಈ ಹೊತ್ತಿನಲ್ಲಿ ನೆರವಾಯಿತು. ಲಾಟ್ವಿಯಾ, ಲಿಥುವೇನಿಯಾಗಳೂ ದರ ಕಟ್ಟಿಹಾಕುವ ದಾರಿಯನ್ನೇ ಹಿಡಿದವು. ಪಕ್ಕದ ಪೋಲೆಂಡ್ ಮಾತ್ರ 2000ದಲ್ಲಿ ತನ್ನ ಝ್ಲೋಟಿಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟಿತು. 2004ರಲ್ಲಿ ನಾಲ್ಕೂ ದೇಶಗಳು ಒಟ್ಟಿಗೇ ಐರೋಪ್ಯ ಒಕ್ಕೂಟ ಸೇರಿದವು. ಪಶ್ಚಿಮದ ಜೀವನಮಟ್ಟ ಮುಟ್ಟುವುದೇ ಎಲ್ಲರ ಗುರಿ.

ಬಡ ದೇಶವೊಂದು ಸಿರಿವಂತ ನೆರೆಯನ್ನು ಸಮೀಪಿಸುವಾಗ ಅಲ್ಲಿ ಬೆಲೆ ಏರಲೇಬೇಕು. ಎಸ್ಟೋನಿಯಾದ ರಾಜಧಾನಿ ಟ್ಯಾಲಿನ್‌ನ ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಉತ್ಪಾದನೆ ಹೆಚ್ಚುತ್ತದೆ, ಕೂಲಿಯೂ ಹೆಚ್ಚುತ್ತದೆ. ಅದೇ ಊರಿನ ಕ್ಷೌರಿಕ ದಿನಕ್ಕೆ ಕತ್ತರಿಸುವ ತಲೆಗಳು ಮಾತ್ರ ಅಷ್ಟೇ. ಆದರೂ ಅವನಿಗೆ ಹೆಚ್ಚು ಕೊಡಬೇಕು, ಇಲ್ಲವಾದರೆ ಅವನೂ ಕಾರ್ಖಾನೆ ಸೇರುತ್ತಾನೆ. ಹೀಗೆ ಕ್ಷೌರ, ಮನೆಬಾಡಿಗೆ, ಹೋಟೆಲ್ ಊಟ ಎಲ್ಲವೂ ತುಟ್ಟಿಯಾಗುತ್ತವೆ. ಕರೆನ್ಸಿ ತೇಲುವ ದೇಶದಲ್ಲಿ ಈ ಒತ್ತಡದ ಒಂದು ಪಾಲನ್ನು ಬಲಗೊಳ್ಳುವ ಕರೆನ್ಸಿಯೇ ಹೀರಿಕೊಳ್ಳಬಹುದು. ದರ ಕಟ್ಟಿಹಾಕಿದ ದೇಶದಲ್ಲಿ ಅದಷ್ಟೂ ಹಣದುಬ್ಬರವಾಗಿಯೇ ಹೊರಬರಬೇಕು. 2008ರಲ್ಲಿ ಲಾಟ್ವಿಯಾದ ಹಣದುಬ್ಬರ ಶೇ. 15 ಮುಟ್ಟಿತ್ತು. ಬೆಲೆ ಹೀಗೆ ಓಡುವಾಗ ಸ್ವೀಡಿಷ್ ಬ್ಯಾಂಕುಗಳು ಯೂರೋದಲ್ಲಿ ಅಗ್ಗದ ಬಡ್ಡಿಗೆ ಸಾಲ ಕೊಡುತ್ತಿದ್ದರೆ ಯಾರು ತಾನೆ ಬೇಡವೆನ್ನುತ್ತಾರೆ? ಮನೆಗಳ ಬೆಲೆ ಗಗನಕ್ಕೇರಿತು.

ಅಷ್ಟರಲ್ಲಿ ಜಾಗತಿಕ ಬಿಕ್ಕಟ್ಟು ಬಂತು. 2008ರ ಬೇಸಿಗೆಯಲ್ಲಿ ಒಂದು ಯೂರೋಗೆ ಸುಮಾರು 3.2 ಝ್ಲೋಟಿ ಸಾಕಾಗಿತ್ತು. 2009ರ ಫೆಬ್ರುವರಿಯಲ್ಲಿ ಸುಮಾರು 4.9 ಬೇಕಾಯಿತು. ಪೋಲೆಂಡಿನ ಸರಕು ಹೊರಗಿನವರಿಗೆ ಅಗ್ಗವಾಯಿತು. ಆ ವರ್ಷ ಇಡೀ ಒಕ್ಕೂಟದಲ್ಲಿ ಆರ್ಥಿಕತೆ ಬೆಳೆದದ್ದು ಪೋಲೆಂಡಿನಲ್ಲಿ ಮಾತ್ರ. ದರ ಕಟ್ಟಿಹಾಕಿದ್ದ ಮೂರೂ ಬಾಲ್ಟಿಕ್ ದೇಶಗಳ ಆರ್ಥಿಕತೆ ಒಂದೇ ವರ್ಷದಲ್ಲಿ ಶೇ. 14ರ ಆಸುಪಾಸು ಕುಸಿಯಿತು. ದರ ಇಳಿಸದ ಲಾಟ್ವಿಯಾ ಶಿಕ್ಷಕರ, ಪೊಲೀಸರ ಸಂಬಳ ಇಳಿಸಿತು, ಆಸ್ಪತ್ರೆಗಳನ್ನು ಮುಚ್ಚಿತು. ದುಡಿಯಲು ಸಿದ್ಧರಿದ್ದ ಐವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

ಹಾಗೆಂದು ತೇಲುವ ಕರೆನ್ಸಿ ಪುಕ್ಕಟೆಯಾಗಿ ಸಿಗುವ ರಕ್ಷಣೆಯಲ್ಲ. ಬಡ್ಡಿ ಕಡಿಮೆಯೆಂದು ಲಕ್ಷಾಂತರ ಪೋಲಿಷ್ ಕುಟುಂಬಗಳು ಸ್ವಿಸ್ ಫ್ರಾಂಕ್‌ನಲ್ಲಿ ಗೃಹಸಾಲ ಪಡೆದಿದ್ದವು. 2008ರಲ್ಲಿ ಎರಡು ಝ್ಲೋಟಿಯಷ್ಟಿದ್ದ ಫ್ರಾಂಕ್, ಸ್ವಿಸ್ ಕೇಂದ್ರ ಬ್ಯಾಂಕ್ 2015ರ ಜನವರಿ 15ರಂದು ಫ್ರಾಂಕ್ ಯೂರೋ ಎದುರು ಹೆಚ್ಚು ಬಲಗೊಳ್ಳದಂತೆ ಹಾಕಿದ್ದ ದರಮಿತಿ ತೆಗೆದುಹಾಕಿದಾಗ ನಾಲ್ಕನ್ನು ದಾಟಿತು. ವರ್ಷಗಟ್ಟಲೆ ಕಂತು ಕಟ್ಟಿದವರು ತಾವು ಪಡೆದದ್ದಕ್ಕಿಂತ ಹೆಚ್ಚಿನ ಬಾಕಿ ಹೊತ್ತು ನಿಂತರು.

ಇಂದು ಎಸ್ಟೋನಿಯಾ, ಲಿಥುವೇನಿಯಾ, ಪೋಲೆಂಡ್‌ಗಳ ತಲಾ ಆದಾಯ, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಒಕ್ಕೂಟದ ಸರಾಸರಿಯ ಐದರಲ್ಲಿ ನಾಲ್ಕು ಪಾಲಿನ ಸುತ್ತಮುತ್ತ ಇದೆ. ಅವನ್ನು ಅಲ್ಲಿಗೆ ಒಯ್ದದ್ದು ದೊಡ್ಡ ಮಾರುಕಟ್ಟೆ, ಹೊರಗಿನ ಬಂಡವಾಳ, ಓದಿದ ಜನ. ವಿನಿಮಯ ದರದ ನೀತಿ ನಿರ್ಧರಿಸಿದ್ದು ಪೆಟ್ಟು ಯಾರಿಗೆ ಬೀಳಬೇಕೆಂಬುದನ್ನು. ಈ ಪೆಟ್ಟು ತಲಾ ಆದಾಯದ ಅಂಕಿಯಲ್ಲಿ ಪೂರ್ತಿ ಕಾಣುವುದೂ ಇಲ್ಲ. ಲಾಟ್ವಿಯಾದ ಜನಗಣತಿಯಲ್ಲಿ 2000ದಲ್ಲಿ ಸುಮಾರು 23.8 ಲಕ್ಷ ಜನರಿದ್ದರು, 2011ರಲ್ಲಿ ಸುಮಾರು 20.7 ಲಕ್ಷ. ಕೆಲಸ ಹುಡುಕಿ ಐರ್ಲೆಂಡಿಗೋ ಬ್ರಿಟನ್ನಿಗೋ ಹೋದವರನ್ನು ಬಿಟ್ಟು, ಉಳಿದವರ ತಲೆ ಎಣಿಸಿ ಆದಾಯವನ್ನು ಭಾಗಿಸಲಾಗುತ್ತದೆ.