ಅಲ್ಯೂಮಿನಿಯಂ ಸಂದುಗಳಲ್ಲಿನ ಹಳೆಯ ಬಣ್ಣ



ಬಣ್ಣ ಬಳಿಯುವ ವಿಚಾರವಾಗಿ ವಿಚಾರಿಸುವವರು ಬಹು ಮಂದಿ. ಬಳಿದ ಬಣ್ಣವನ್ನು ತೆಗೆಯುವ ವಿಚಾರವಾಗಿ ವಿಚಾರಿಸುವವರು ವಿರಳ. ಆದರೆ ಹೆಚ್ಚು ವಿವೇಕವನ್ನು ಬೇಡುವ ಕೆಲಸ ಎರಡನೆಯದೇ. ಅದರಲ್ಲಿಯೂ ಬಣ್ಣ ಕುಳಿತಿರುವುದು ಅಲ್ಯೂಮಿನಿಯಂ ಲೋಹದ ಮೇಲೆ, ಬೆರಳು ತೂರದ ಸಂದಿನಲ್ಲಿ ಎಂದಾದರೆ, ಬಣ್ಣದಿಂದ ಆಗುವ ಹಾನಿಗಿಂತ ಆತುರದಿಂದ ಆಗುವ ಹಾನಿಯೇ ದೊಡ್ಡದಾದೀತು. ಈ ಹೊತ್ತು ಅದನ್ನು ಕುರಿತು ಕೆಲವು ಮಾತುಗಳನ್ನು ನಿವೇದಿಸಬಯಸುತ್ತೇವೆ.

ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಶ್ರೀರಾಮನಗರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬತ್ತ ಬೆಳೆಯುವ ನೆಲ ಅದು. ಬತ್ತವಿದ್ದಲ್ಲಿ ಅಕ್ಕಿ ಗಿರಣಿ. ಗಿರಣಿಯಿದ್ದಲ್ಲಿ ವಿದ್ಯುತ್ ಮೋಟಾರು. ದೊಡ್ಡ ಮೋಟಾರುಗಳ ಕವಚವು ಸಾಮಾನ್ಯವಾಗಿ ಎರಕದ ಕಬ್ಬಿಣದ್ದು. ಚಿಕ್ಕವುಗಳಲ್ಲಿ ಅನೇಕಕ್ಕೆ ಅಲ್ಯೂಮಿನಿಯಂ ಕವಚವಿರುತ್ತದೆ. ಅಯಸ್ಕಾಂತವು ಕವಚಕ್ಕೆ ಅಂಟದಿದ್ದರೆ ಅದು ಅಲ್ಯೂಮಿನಿಯಂ ಎಂದು ತಿಳಿಯಬಹುದು. ಕವಚದ ಮೈಮೇಲೆ ಸಾಲುಸಾಲಾಗಿ ಎದ್ದು ನಿಂತಿರುವ ತೆಳುವಾದ ಏಣುಗಳನ್ನು ತಾವು ನೋಡಿದ್ದೀರಿ. ಅವುಗಳಿಗೆ ಕೆಲಸಗಾರರು ಫಿನ್ನುಗಳೆನ್ನುತ್ತಾರೆ. ಅವು ಅಲಂಕಾರಕ್ಕಲ್ಲ, ಒಳಗಿನ ಕಾವನ್ನು ಗಾಳಿಗೆ ಒಪ್ಪಿಸುವುದಕ್ಕಾಗಿ.

ವರ್ಷವರ್ಷವೂ ಆಯುಧಪೂಜೆ ಬರುತ್ತದೆ. ಯಂತ್ರವನ್ನು ಒರಸಿ, ಒಂದು ಕೈ ಬಣ್ಣ ಬಳಿದು, ಕುಂಕುಮವಿಟ್ಟು ಪೂಜಿಸುವುದು ಅನೇಕ ಕಡೆಗಳ ರೂಢಿ. ಭಕ್ತಿ ಒಳ್ಳೆಯದೇ. ಆದರೆ ಹತ್ತು ವರ್ಷಗಳ ಹತ್ತು ಪದರಗಳು ಏಣುಗಳ ನಡುವಣ ಸಂದನ್ನು ತುಂಬಿ, ಮೇಲೆ ತೌಡಿನ ಧೂಳು ಅಂಟಿದಾಗ ಗಾಳಿಗೆ ದಾರಿಯಿಲ್ಲದಂತಾಗುತ್ತದೆ. ಮೋಟಾರಿನ ಸುರುಳಿಯ ಹೊದಿಕೆಯು ಅಳತೆ ಮೀರಿ 10 ಡಿಗ್ರಿ ಸೆಂಟಿಗ್ರೇಡು ಹೆಚ್ಚು ಕಾದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುವುದೆಂಬುದು ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕ. ಆದುದರಿಂದ ಸಂದಿನ ಬಣ್ಣವನ್ನು ತೆಗೆಯುವುದು ಅಂದದ ಮಾತಲ್ಲ; ಸುಗ್ಗಿಯ ನಡುವೆ ಮೋಟಾರು ಸುಟ್ಟು ಗಿರಣಿ ನಿಲ್ಲದಂತೆ ನೋಡಿಕೊಳ್ಳುವ ಮಾತು. ಪಟ್ಟಣದ ಮನೆಗಳ ನೀರೆತ್ತುವ ಪಂಪಿಗೂ ಮೋಟಾರು ಸೈಕಲ್ಲಿನ ಎಂಜಿನ್ನಿಗೂ ಇದೇ ನ್ಯಾಯ.

ಇನ್ನು ಲೋಹದ ಸ್ವಭಾವವನ್ನು ನೋಡೋಣ. ಅಲ್ಯೂಮಿನಿಯಂ ಗಾಳಿಗೆ ತೆರೆದೊಡನೆ ಆಮ್ಲಜನಕದೊಡನೆ ಕೂಡಿ, ತನ್ನ ಮೇಲೆ ತಾನೇ ಒಂದು ಪೊರೆಯನ್ನು ಹೊದೆದುಕೊಳ್ಳುತ್ತದೆ. ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾದ ಈ ಪೊರೆಯೇ ಅದರ ಕವಚ. ಕ್ಷಾರವು ಈ ಪೊರೆಯನ್ನು ಕರಗಿಸಿಬಿಡುತ್ತದೆ. ಈ ಪಾಠವನ್ನು ನಮ್ಮ ಗೃಹಿಣಿಯರು ಅಡಿಗೆಮನೆಯಲ್ಲಿಯೇ ಕಲಿತಿರುವರು: ವಾಷಿಂಗ್ ಸೋಡ ಹಾಕಿ ಕುದಿಸಿದ ಅಲ್ಯೂಮಿನಿಯಂ ಪಾತ್ರೆ ಕಪ್ಪಾಗುವುದು, ಹುಣಿಸೆಹಣ್ಣಿನ ನೀರಿನಲ್ಲಿ ಕುದಿಸಿದರೆ ಮತ್ತೆ ಬೆಳ್ಳಗಾಗುವುದು. ಕಬ್ಬಿಣದ ಮೇಲಿನ ಬಣ್ಣವನ್ನು ತೆಗೆಯಲು ಕಾಸ್ಟಿಕ್ ಸೋಡದ ತೊಟ್ಟಿ ಪ್ರಸಿದ್ಧವಾದ ಉಪಾಯ. ಅದೇ ತೊಟ್ಟಿಯಲ್ಲಿ ಅಲ್ಯೂಮಿನಿಯಂ ಭಾಗವನ್ನು ಮುಳುಗಿಸಿದರೆ ನೊರೆಯುಕ್ಕಿ ಜಲಜನಕವು ಹೊರಡುತ್ತದೆ. ಬಣ್ಣದೊಡನೆ ಲೋಹವೂ ಸವೆಯುತ್ತದೆ. ಜಲಜನಕವು ಹೊತ್ತಿ ಉರಿಯುವ ವಾಯುವೆಂಬುದನ್ನೂ ಮರೆಯಬಾರದು. ನಾವೂ ಒಮ್ಮೆ ಕಬ್ಬಿಣದ ಉಪಾಯವನ್ನೇ ನಂಬಿ, ಹಳೆಯ ಕಿಟಕಿಯ ಅಲ್ಯೂಮಿನಿಯಂ ಕೊಂಡಿಯೊಂದನ್ನು ಇಂತಹ ದ್ರಾವಣದಲ್ಲಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಕರಿಯ ಕೆಸರನ್ನೂ ತೂತುಬಿದ್ದ ಚೂರನ್ನೂ ಕಂಡೆವು.

ಎರಡನೆಯ ತಪ್ಪು ಬೆಂಕಿ. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಕಬ್ಬಿಣದಂತೆ ಮೊದಲು ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. ಕರಗುವುದಕ್ಕೆ ಬಹಳ ಮುಂಚೆಯೇ, 200 ಡಿಗ್ರಿಯ ಆಸುಪಾಸಿನಿಂದ, ಹದಗೊಳಿಸಿದ ಮಿಶ್ರಲೋಹಗಳ ಬಲ ಕುಗ್ಗತೊಡಗುತ್ತದೆ. ಮೂರನೆಯ ತಪ್ಪು ಉಕ್ಕಿನ ತಂತಿಯ ಬ್ರಷ್ಷು. ಈ ಮೆದು ಲೋಹದಲ್ಲಿ ಅದು ಗೀರುಗಳನ್ನು ಮೂಡಿಸುವುದಲ್ಲದೆ, ಉಕ್ಕಿನ ಕಣಗಳನ್ನು ನೆಟ್ಟುಬಿಡುತ್ತದೆ. ತೇವ ತಗುಲಿದಾಗ ಆ ಕಣಗಳ ಸುತ್ತ ಲೋಹವು ಗುಳಿಗುಳಿಯಾಗಿ ತಿಂದುಹೋಗುತ್ತದೆ.

ಈ ವಿಚಾರಗಳನ್ನು ಅತ್ಯಂತ ಕಟ್ಟುನಿಟ್ಟಾಗಿ ಪಾಲಿಸಬೇಕಾದ ಉದ್ಯಮ ನಮ್ಮ ನಾಡಿನಲ್ಲಿಯೇ ಇದೆ. 1940ರಲ್ಲಿ ವಾಲ್ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದು ಅಮೆರಿಕದ ವಿಮಾನಗಳ ದೊಡ್ಡ ರಿಪೇರಿ ಕೇಂದ್ರವಾಯಿತು. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್ ವಿಮಾನಗಳನ್ನು ಅಲ್ಲಿಯೇ ಮತ್ತೆ ಹಾರುವಂತೆ ಮಾಡಲಾಯಿತು. ವಿಮಾನದ ಮೈ ಅಲ್ಯೂಮಿನಿಯಂ ಮಿಶ್ರಲೋಹದ ತಗಡು. ಬಿರುಕೂ ಸವಕಳಿಯೂ ಮೊದಲು ತೋರುವುದು ರಿವೆಟ್ಟುಗಳ ಸಾಲಿನಲ್ಲಿ, ತಗಡುಗಳ ಸಂದಿನಲ್ಲಿ. ಬಣ್ಣ ತೆಗೆಯದೆ ಅವನ್ನು ಕಾಣುವಂತಿಲ್ಲ. ತೆಗೆಯುವಾಗ ಗೀರಿದರೆ ಆ ಗೀರೇ ಹೊಸ ಬಿರುಕಿಗೆ ಮೊದಲಾದೀತು. ಆದಕಾರಣ ವಿಮಾನದ ಕೆಲಸದಲ್ಲಿ ಲೋಹದ ಕೆರೆಯುವ ಸಾಧನವನ್ನು ಬಿಟ್ಟು ಪ್ಲಾಸ್ಟಿಕ್ಕಿನದನ್ನು ಹಿಡಿಯುತ್ತಾರೆ. ಗಾಳಿಯ ರಭಸದಿಂದ ಕಣಗಳನ್ನು ಎರಚಬೇಕಾದಲ್ಲಿ ಮರಳಿಗೆ ಬದಲಾಗಿ ಪ್ಲಾಸ್ಟಿಕ್ಕಿನ ಹರಳನ್ನೋ ಅಕ್ರೋಟಿನ ಚಿಪ್ಪಿನ ಪುಡಿಯನ್ನೋ ಬಳಸುವುದುಂಟು.

ಗಿರಣಿಯ ಮೋಟಾರಿಗೆ ಈ ನೀತಿಯನ್ನು ಹೀಗೆ ಅನ್ವಯಿಸಬಹುದು. ಮೊದಲು ವಿದ್ಯುತ್ ಸಂಪರ್ಕವನ್ನು ಕಳಚಿ, ಮೋಟಾರನ್ನು ಧಾನ್ಯದಿಂದ ದೂರ, ಬಯಲಿಗೆ ತರಬೇಕು. ತೆಗೆಯಬಹುದಾದ ಭಾಗಗಳನ್ನೆಲ್ಲ ಬಿಚ್ಚಿಡಬೇಕು. ಕೈಗೆ ಎಟುಕದ ಸಂದುಗಳಲ್ಲಿ ಅರ್ಧಪಾಲು ಬಿಚ್ಚಿದೊಡನೆ ಎಟುಕುವಂತಹವು. ತಂತಿ ಸೇರುವ ಪೆಟ್ಟಿಗೆ, ದಂಡದ ತುದಿ, ಬೇರಿಂಗಿನ ಬಾಯಿ ಇವನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಬೇಕು. ಅಲ್ಯೂಮಿನಿಯಮ್ಮಿಗೆ ಸಲ್ಲುವುದೆಂದು ಡಬ್ಬಿಯ ಮೇಲೆ ಬರೆದಿರುವ, ಗಂಜಿಯಂತೆ ಮಂದವಾದ ಪೇಂಟ್ ರಿಮೂವರನ್ನು ಆರಿಸಿ, ಒಂದು ಮೂಲೆಯಲ್ಲಿ ಪರೀಕ್ಷಿಸಿ, ಅನಂತರ ಸಂದುಗಳಲ್ಲಿ ದಪ್ಪಗೆ ತುಂಬಿ, ಆರದಂತೆ ಪ್ಲಾಸ್ಟಿಕ್ಕನ್ನು ಹೊದಿಸಿ ಕಾಯಬೇಕು. ಸಂದಿನಲ್ಲಿ ಕೆಲಸ ಮಾಡುವುದು ತೋಳಿನ ಬಲವಲ್ಲ, ಕಾಲ. ಬಣ್ಣವು ಸುಕ್ಕುಗಟ್ಟಿ ಮೇಲೆದ್ದ ಮೇಲೆ ಬಿದಿರಿನ ಚಪ್ಪಟೆ ಕಡ್ಡಿಯಿಂದ ಎಬ್ಬಿಸಿ, ತೆಂಗಿನ ನಾರಿನ ಹಗ್ಗವನ್ನು ಎರಡು ಏಣುಗಳ ನಡುವೆ ಹಾಯಿಸಿ ಹಿಂದುಮುಂದಕ್ಕೆ ಎಳೆದರೆ, ಬ್ರಷ್ಷು ಹೋಗದಲ್ಲಿಯೂ ಸಂದು ಶುದ್ಧವಾಗುವುದು. ಉಳಿದುದಕ್ಕೆ ಇನ್ನೊಂದು ಸಲ ಹಚ್ಚಬೇಕೇ ಹೊರತು ಉಳಿಯನ್ನು ಕೈಗೆತ್ತಿಕೊಳ್ಳಬಾರದು. ಕೊನೆಗೆ, ನೀರು ಸುರಿಯದೆ ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ಒರಸಿ ಒಣಗಿಸಬೇಕು. ಪುನಃ ಬಳಿಯುವುದಾದರೆ ಅಲ್ಯೂಮಿನಿಯಮ್ಮಿಗೆ ತಕ್ಕ ಪ್ರೈಮರ್, ಅದರ ಮೇಲೆ ಒಂದೇ ಒಂದು ತೆಳುವಾದ ಕೈ, ಅಷ್ಟು ಸಾಕು.

ಕೆಲಸಗಾರನ ಪ್ರಾಣದ ಮಾತು ಉಳಿದಿದೆ. ಹಳೆಯ ರಿಮೂವರುಗಳಲ್ಲಿ ಪ್ರಧಾನವಾದ ಮೀಥಿಲೀನ್ ಕ್ಲೋರೈಡಿನ ಆವಿಯು ಗಾಳಿಗಿಂತ ಭಾರ. ತಗ್ಗಿನಲ್ಲಿ, ಮುಚ್ಚಿದ ಕೋಣೆಯಲ್ಲಿ ಅದು ಶೇಖರವಾಗಿ ಉಸಿರಾಡಿದವನನ್ನು ಕೊಲ್ಲಬಲ್ಲದು. ಅಮೆರಿಕದಲ್ಲಿ 2019ರಲ್ಲಿ ಅದರಿಂದ ಮಾಡಿದ ರಿಮೂವರುಗಳನ್ನು ಜನಸಾಮಾನ್ಯರಿಗೆ ಮಾರುವುದನ್ನು ನಿಷೇಧಿಸಿದರು. ಬೆಂಜೈಲ್ ಆಲ್ಕೊಹಾಲಿನವು ನಿಧಾನವಾದರೂ ಅವಕ್ಕಿಂತ ಲೇಸು. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು. ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ಜಾರಿಗೆ ಬಂದಿತು. ಆದರೆ ಆ ನಿಯಮವು ಯಂತ್ರಗಳ ಬಣ್ಣಕ್ಕಾಗಿ ಮಾಡಿದುದಲ್ಲ. ಆದುದರಿಂದ ಒಣಗಿದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸಬಾರದು. ಕೈಗವಸು, ಕನ್ನಡಕ ಇರಲಿ; ಮಕ್ಕಳು ಹತ್ತಿರ ಸುಳಿಯದಿರಲಿ; ತೆಗೆದ ಚೂರುಗಳನ್ನು ಹಾಳೆಯಲ್ಲಿ ಸುತ್ತಿ ಬೇರೆಯಿಡಲಿ. ಅಕ್ಕಿ ಸಿದ್ಧವಾಗುವ ಮನೆಯಲ್ಲಿ ಅದರ ಒಂದು ಚೂರೂ ಕಾಳಿನೊಡನೆ ಬೆರೆಯಬಾರದು.

ಬರುವ ಆಯುಧಪೂಜೆಗೆ ಮೋಟಾರಿನ ಮೇಲೆ ಹನ್ನೊಂದನೆಯ ಕೈ ಬಣ್ಣವನ್ನು ಬಳಿಯುವ ಮುನ್ನ, ಏಣುಗಳ ನಡುವೆ ಬೆಳಕು ಹಾಯುವುದೋ ಇಲ್ಲವೋ ಎಂದು ಒಮ್ಮೆ ಬಗ್ಗಿ ನೋಡಬೇಕೆಂದು ವಿನಂತಿಸುತ್ತೇವೆ. ಯಂತ್ರಕ್ಕೆ ಉಸಿರಾಡಲು ದಾರಿ ಬಿಡುವುದೂ ಒಂದು ಪೂಜೆಯೇ.