ಅಂಗೈಯಗಲದ ಸಾಣೆಕಲ್ಲು: ಹಳೇ ಕ್ಷೌರದ ಕತ್ತಿಗೆ ಎಷ್ಟು ಮಸೆತ ಬೇಕು?

ಡೆಟ್ರಾಯ್ಟ್ ಹತ್ತಿರ ಇರೋ ಕೇಳುಗರೊಬ್ಬರು ಒಂದು ಫೋಟೋ ಕಳಿಸಿದ್ದಾರೆ. ಊರಿಂದ ತಂದ ಅಜ್ಜನ ಮಡಚುವ ಕ್ಷೌರದ ಕತ್ತಿ, ಜೊತೆಗೆ ಇಲ್ಲಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಒಂದು ಪುಟ್ಟ ಸಾಣೆಕಲ್ಲು. ಅರ್ಧ ಗಂಟೆ ಮಸೆದರಂತೆ. "ಮೊದಲಿಗಿಂತ ಕೆಟ್ಟದಾಗಿ ಕೆರೆಯುತ್ತೆ, ಕಲ್ಲು ಹಾಳಾಗಿದೆಯಾ?" ಅಂತ ಕೇಳಿದ್ದಾರೆ.

ಕಲ್ಲಿನ ತಪ್ಪಲ್ಲ ಅನ್ಸುತ್ತೆ. ನನಗೂ ಹೀಗೇ ಆಗಿತ್ತು. ಷಿಕಾಗೋ ಪಶ್ಚಿಮಕ್ಕಿರುವ ಸೇಂಟ್ ಚಾರ್ಲ್ಸ್ ಊರಿನ ಸಂತೆಯಲ್ಲಿ ಇಂಥದ್ದೇ ಕಲ್ಲು ಕೊಂಡು, ಅಡುಗೆಮನೆ ಚಾಕು ಮಸೆದ ಹಾಗೆ ಐವತ್ತು ಸಲ ಎಳೆದೆ. ಮರುದಿನ ಗಡ್ಡ ಹೆರೆದರೆ ಕೆನ್ನೆ ತುಂಬ ಗೀರು!

ಈ ಕಲ್ಲು ಯಾರಿಗಾಗಿ ಹುಟ್ಟಿತು ಅಂತ ನೋಡಿದರೆ ತಪ್ಪು ಎಲ್ಲಾಯ್ತು ಅಂತ ತಿಳಿಯುತ್ತೆ. 1893ರಲ್ಲಿ ಎ. ಬಿ. ಮೋಲರ್ ಷಿಕಾಗೋದಲ್ಲಿ ಕ್ಷೌರಿಕರಿಗಾಗಿಯೇ ಒಂದು ಶಾಲೆ ತೆರೆದರು. ಆ ಕಾಲದ ಕ್ಷೌರಿಕನಿಗೆ ದಿನಕ್ಕೆ ಹತ್ತಾರು ಗಡ್ಡ. ಸಂಜೆಯೊಳಗೆ ಅಲಗು ಸುಸ್ತಾಗುತ್ತೆ, ಗಿರಾಕಿ ಕುರ್ಚಿಯಲ್ಲಿ ಕೂತೇ ಇರ್ತಾನೆ. ನಿಮಿಷದೊಳಗೆ ಹರಿತ ವಾಪಸ್ ಬರಬೇಕು. ಅದಕ್ಕೇ ಈ ಕಲ್ಲು: ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೇಗ ಕೊರೆಯುವಂಥದ್ದು. ಹೊಸದಾಗಿ ಅಲಗು ಕಟ್ಟೋಕೆ ಅಲ್ಲ, ಇದ್ದ ಅಲಗನ್ನು ಎಬ್ಬಿಸೋಕೆ.

ಇದು ಗುಡ್ಡದಿಂದ ಕಡಿದ ಕಲ್ಲೂ ಅಲ್ಲ. 1890ರ ದಶಕದ ಆರಂಭದಲ್ಲಿ ಎಡ್ವರ್ಡ್ ಅಚೆಸನ್ ಅನ್ನೋರು ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡ್ ತಯಾರಿಸಿ, ಕಾರ್ಬೊರಂಡಮ್ ಅಂತ ಹೆಸರಿಟ್ಟರು. ಇಂಥ ಗಟ್ಟಿ ಹರಳುಗಳ ಪುಡಿಗೆ ಜೇಡಿ ಬೆರೆಸಿ, ಒತ್ತಿ, ಗೂಡಿನಲ್ಲಿ ಸುಟ್ಟರೆ ಹರಳುಗಳ ನಡುವೆ ಗಾಜಿನಂಥ ಅಂಟು ಕೂರುತ್ತೆ. ಡೆಟ್ರಾಯ್ಟ್ ಕಾರ್ಖಾನೆಗಳಲ್ಲಿ ಎಂಜಿನ್ ಭಾಗಗಳನ್ನು ನಯ ಮಾಡಿದ ಸಾಣೆಚಕ್ರಗಳಿಗೂ ಇದೇ ಬಗೆಯ ಅಂಟು. ಆ ಚಕ್ರಗಳ ಪುಟಾಣಿ ತಮ್ಮ ನಮ್ಮ ಕ್ಷೌರಿಕನ ಜೇಬಿನಲ್ಲಿದ್ದ ಅನ್ನಿ.

ಸರಿ, ಕೂದಲಿಗಿಂತ ಉಕ್ಕು ಸುಮಾರು 50 ಪಟ್ಟು ಗಟ್ಟಿ. ಹಾಗಿದ್ರೂ ಅಲಗು ಯಾಕೆ ಸೋಲುತ್ತೆ? 2020ರಲ್ಲಿ ಎಂಐಟಿಯ ಸಂಶೋಧಕರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೇ ಬ್ಲೇಡಿನಿಂದ ಕೂದಲು ಕತ್ತರಿಸಿ ನೋಡಿದರು. ಅಲಗು ಒಂದೇ ಸಮ ಸವೆಯೋದಕ್ಕಿಂತ ಅಲ್ಲಲ್ಲಿ ಚಕ್ಕೆ ಏಳುತ್ತೆ. ಕೂದಲು ಬಾಗಿ ಅಲಗಿಗೆ ಓರೆಯಾಗಿ ಸಿಕ್ಕಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ, ಒತ್ತಡ ಒಂದೇ ಬಿಂದುವಿಗೆ ಕೂಡಿಕೊಂಡು ಚೂರು ಹಾರುತ್ತೆ. ಅಂದರೆ ಅಲಗಿಗೆ ಆಗೋ ಗಾಯ ಬಹಳ ಸಣ್ಣದು. ಅದನ್ನು ತೆಗೆಯೋಕೆ ಸವೆಸಬೇಕಾದ ಉಕ್ಕೂ ಅಷ್ಟೇ ಸಣ್ಣದು.

ಅದಕ್ಕೇ ಎಳೆತ ಮೂರೋ ನಾಲ್ಕೋ, ಅಷ್ಟೇ. ಕತ್ತಿಯ ಬೆನ್ನು, ಅಲಗು ಎರಡೂ ಕಲ್ಲಿಗೆ ತಾಗಿರಲಿ. ಕೋನವನ್ನು ನೀವು ಲೆಕ್ಕ ಹಾಕಬೇಕಿಲ್ಲ, ಬೆನ್ನಿನ ದಪ್ಪವೇ ಅದನ್ನು ಕಾಯುತ್ತೆ: ಸಾಮಾನ್ಯ ಕತ್ತಿಯಲ್ಲಿ ಸುಮಾರು 16 ಡಿಗ್ರಿ. ಕಲ್ಲಿನ ಮೇಲೆ ಸ್ವಲ್ಪ ನೀರು ಅಥವಾ ಸೋಪಿನ ನೊರೆ ಹಚ್ಚಿ, ಅಲಗನ್ನು ಮುಂದೆ ಮಾಡಿ, ಕತ್ತಿಯ ಭಾರಕ್ಕಿಂತ ಹೆಚ್ಚು ಒತ್ತದೆ ಎಳೆಯಿರಿ. ಕಲ್ಲು ಕಿರಿದು, ಕತ್ತಿ ಉದ್ದ. ಹಾಗಾಗಿ ಹಿಡಿಯ ಕಡೆಯಿಂದ ತುದಿಯ ಕಡೆಗೆ ಓರೆಯಾಗಿ ಸರಿಸಬೇಕು. ಹೊರಳಿಸುವಾಗ ಬೆನ್ನಿನ ಮೇಲೆ ಹೊರಳಿಸಿ, ಅಲಗಿನ ಮೇಲೆ ಬೇಡ. ಆಮೇಲೆ ಒರೆಸಿ, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಿರಿ.

ಐವತ್ತು ಸಲ ಎಳೆದರೆ? ಎರಡೂ ಬದಿ ಸಂಧಿಸಿದ ಮೇಲೂ ಮಸೆಯುತ್ತಾ ಹೋದರೆ ತುದಿಯಲ್ಲಿ ಉಕ್ಕಿನ ತೆಳು ಪೊರೆಯೊಂದು ಹೊರಚಾಚುತ್ತೆ. ಮುಟ್ಟಿದರೆ ಭಯಂಕರ ಹರಿತ ಅನ್ನಿಸುತ್ತೆ, ಮೊದಲ ಕೂದಲಿಗೇ ಬಾಗಿ ಮುರಿದು ಗರಗಸದಂಥ ಅಂಚು ಬಿಡುತ್ತೆ. ನನ್ನ ಕೆನ್ನೆಗೆ ಆದದ್ದು ಅದೇ.

ಇನ್ನು ಕಲ್ಲಿನ ಆರೈಕೆ. ಹಳೇ ಕಲ್ಲಿನ ಮೇಲೆ ಕಪ್ಪಗೆ ಹೊಳೆಯೋದು ಬಹುಪಾಲು ಉಕ್ಕಿನ ಪುಡಿ ಮತ್ತು ಸೋಪಿನ ಜಿಡ್ಡು. ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ನೆನೆಸಿ ಬ್ರಷ್ಷಿನಿಂದ ಉಜ್ಜಿದರೆ ಎಷ್ಟೋ ಹೋಗುತ್ತೆ. ಮೇಲ್ಮೈ ತಗ್ಗಾಗಿದೆಯೇ ನೋಡೋಕೆ ಪೆನ್ಸಿಲಿನಲ್ಲಿ ಚೌಕಳಿ ಗೀಚಿ, ದಪ್ಪ ಗಾಜಿನ ಮೇಲೆ ನೀರಿನಲ್ಲಿ ಬಳಸುವ ಉಪ್ಪು ಕಾಗದ ಹಾಸಿ ಉಜ್ಜಿ. ಗೆರೆ ಎಲ್ಲಿ ಉಳಿಯುತ್ತೋ ಅಲ್ಲಿ ತಗ್ಗು. ಒಂದು ಎಚ್ಚರಿಕೆ: ಒರಟು ಕಾಗದದಲ್ಲಿ ಸಮ ಮಾಡಿ ಅಲ್ಲೇ ನಿಲ್ಲಿಸಿದರೆ ಕಲ್ಲೂ ಒರಟಾಗಿಯೇ ಕೊರೆಯುತ್ತೆ. ಈ ಕಲ್ಲುಗಳಲ್ಲಿ ಹರಳಿನ ಗಾತ್ರದಷ್ಟೇ ಮೇಲ್ಮೈಯ ನಯವೂ ಮುಖ್ಯ. ಕೊನೆಗೆ ನಯವಾದ ಕಾಗದದಿಂದ ಮುಗಿಸಿ. ಅಂಚು ಚಕ್ಕೆ ಎದ್ದಿದ್ದರೆ ಉಗುರಿಗೆ ತಗುಲುತ್ತೆ, ಅದನ್ನೂ ದುಂಡಗೆ ಮಾಡಿ. ಎಲ್ಲಾ ಕೆಲಸ ನೀರು ಹಾಕಿಯೇ ಮಾಡಿ. ಒಣಗಿದ ಕಲ್ಲಿನ ದೂಳು ಪುಪ್ಪುಸಕ್ಕೆ ಒಳ್ಳೇದಲ್ಲ. ಆದ್ರೆ ನಯವಾಗಿ, ಸಮವಾಗಿ ಇರೋ ಕಲ್ಲನ್ನು ಸುಮ್ಮನೆ ಉಜ್ಜಬೇಡಿ.

ಜೀವಶಾಸ್ತ್ರದವನು ಇಷ್ಟೆಲ್ಲ ಯಾಕೆ ಮಾತಾಡ್ತಾನೆ ಅಂತೀರಾ? ನಮ್ಮ ಹಿಂದಿನ ತಲೆಮಾರಿನವರು ಅಂಗಾಂಶವನ್ನು ತೆಳುವಾಗಿ ಸೀಳುವ ಮೈಕ್ರೊಟೋಮ್ ಕತ್ತಿಗಳನ್ನು ಹೀಗೇ ಕಲ್ಲಿಗೆ, ಚರ್ಮಕ್ಕೆ ಹಿಡಿಯುತ್ತಿದ್ದರು. 1950ರಲ್ಲಿ ಗಾಜಿನ ಅಂಚು ಬಂತು. ನಂತರ ವಜ್ರದ ಕತ್ತಿ ಬಂತು. ಅದನ್ನು ರೂಪಿಸಿದ ವೆನೆಜುವೆಲಾದ ಉಂಬೆರ್ತೊ ಫರ್ನಾಂಡೆಸ್ ಮೊರಾನ್ 1960ರ ದಶಕದಲ್ಲಿ ಇದೇ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಮಸೆಯೋ ಕೈಚಳಕ ಲ್ಯಾಬಿನಿಂದ ಹೀಗೆ ಹೊರಟುಹೋಯ್ತು. ನಾನೂ ಅದನ್ನು ಕಲಿತದ್ದು ಸಂತೆಯ ಕಲ್ಲಿನಿಂದಲೇ.

ಈಗ ಡೆಟ್ರಾಯ್ಟ್ ಕೇಳುಗರಿಗೆ. ನಿಮ್ಮ ಫೋಟೋದಲ್ಲಿ ಅಲಗಿನ ಉದ್ದಕ್ಕೂ ತುಕ್ಕಿನ ಚುಕ್ಕೆಗಳಿವೆ. ತುಕ್ಕು ಅಂಚಿನ ತನಕ ತಿಂದಿದ್ದರೆ ಈ ಕಲ್ಲು ಅದನ್ನು ಸರಿಮಾಡದು. ಪ್ರತಿ ಎಳೆತಕ್ಕೂ ಬೆನ್ನೂ ಸವೆಯುತ್ತೆ, ಅಜ್ಜನ ಕತ್ತಿಯನ್ನು ಮತ್ತೆ ಹುಟ್ಟಿಸೋಕೆ ಆಗಲ್ಲ. ಕ್ಷೌರದ ಕತ್ತಿ ಮಸೆಯೋದನ್ನೇ ಕಸುಬು ಮಾಡಿಕೊಂಡವರಿಗೆ ಒಮ್ಮೆ ಕೊಟ್ಟು ಹೊಸ ಅಲಗು ಕಟ್ಟಿಸಿ. ಅಲ್ಲಿಂದಾಚೆ ನಿಮ್ಮ ಪುಟ್ಟ ಕಲ್ಲು ಸಾಕು, ಚರ್ಮದ ಪಟ್ಟಿ ಕೈಕೊಟ್ಟಾಗ ಮಾತ್ರ, ಮೂರು ಎಳೆತ. ಮತ್ತೆ, ಕತ್ತಿಯನ್ನು ಬಚ್ಚಲುಮನೆಯಲ್ಲಿ ಇಡಬೇಡಿ. ಒರೆಸಿ, ಒಂದು ಹನಿ ಎಣ್ಣೆ ಸವರಿ, ಒಣಗಿದ ಕಡೆ ಇಡಿ.